ಒಂಬತ್ತೂವರೆಗೆ ಬರಬೇಕಾದ ದನಿ

ಆ ಗುರುವಾರ ಬೆಳಿಗ್ಗೆ ಎಂಟೂವರೆಗೆ ದೊಡ್ಡಬಸಪ್ಪನವರು ಹೊಳೆಯ ದಂಡೆಯಿಂದ ರೇಡಿಯೋದಲ್ಲಿ ನನ್ನನ್ನು ಕರೆದರು. ನಮ್ಮ ಕಂಪ್ಲಿಯಲ್ಲೇ ಅಕ್ಕಿ ಗಿರಣಿ ಇಟ್ಟುಕೊಂಡವರು, ಐವತ್ತೆಂಟು ವಯಸ್ಸು. ಹ್ಯಾಮ್ ರೇಡಿಯೋ ಪರೀಕ್ಷೆ ಪಾಸಾಗಿ ಲೈಸೆನ್ಸ್ ಕೈಗೆ ಬಂದು ಎರಡು ತಿಂಗಳಾಗಿತ್ತು. ಅವರಿಗೂ ಇನ್ನೂ ಹನ್ನೊಂದು ಜನರಿಗೂ ಪಾಠ ಹೇಳಿದವಳು ನಾನು. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿ ನಿವೃತ್ತಳಾದ ಮೇಲೆ ಮನೆಯ ಪಡಸಾಲೆಯಲ್ಲೇ ಈ ಪಾಠ ನಡೆಸುತ್ತಿದ್ದೆ.

"...ಡಂ, ದೊಡ್ಡಬಸಪ್ಪ ಮಾತಾಡಾಕತ್ತೀನ್ರಿ. ಹೊಳಿ ದಂಡಿಗೆ ಬಂದೀನಿ."

"ಗುಂಡಿ ಒತ್ತಿ ಒಂದು ಉಸಿರು ತಡೀರಿ, ಆಮ್ಯಾಲೆ ಮಾತಾಡ್ರಿ ಅಂತ ಎಷ್ಟು ಸಲ ಹೇಳೀನಿ? ನಿಮ್ಮ ಮೊದಲನೇ ಅಕ್ಷರ ಹೊಳಿಯಾಗ ಬಿತ್ತು. ಕಾಲ್‌ಸೈನ್ ಎಲ್ಲಿ? ಓವರ್," ಎಂದೆ.

ಅವರು ಒಂದು ಉಸಿರು ತಡೆದರು. ಲೈಸೆನ್ಸಿನ ಜೊತೆ ಕೊಡುವ ಗುರುತಿನ ಅಕ್ಷರ, ಕಾಲ್‌ಸೈನ್ ಹೇಳಿದರು. ಆಮೇಲೆ ವಿಷಯ ಹೇಳಿದರು.

ನಮ್ಮ ಊರಿನಲ್ಲಿ ಮಳೆಯಿರಲಿಲ್ಲ, ಚುರುಗುಟ್ಟುವ ಬಿಸಿಲು. ಆದರೆ ಮೇಲೆ ಎಲ್ಲೋ ಮಳೆ ಬಿದ್ದು ಹೊಸಪೇಟೆಯ ಡ್ಯಾಮು ತುಂಬಿತ್ತು. ಗೇಟು ತೆಗೆದಿದ್ದಾರೆ, ನೀರು ಮಧ್ಯಾಹ್ನದ ಹೊತ್ತಿಗೆ ಕಂಪ್ಲಿ ಮುಟ್ಟುತ್ತದೆ ಎಂದು ಹಿಂದಿನ ಸಂಜೆ ಡಂಗುರ ಹೊಡೆಸಿದ್ದರು. ದೊಡ್ಡಬಸಪ್ಪನವರ ಬಾಳೆ ತೋಟದ ಪಂಪು ಹೊಳೆ ನಡುವಿನ ಹುಣಸೆಗಡ್ಡೆ ಎಂಬ ನಡುಗಡ್ಡೆಯ ಮೇಲಿದೆ. ನೀರು ಬರುವ ಮೊದಲು ಮೋಟರು ಬಿಚ್ಚಿ ತರಬೇಕು. ತೋಟದಲ್ಲಿ ಕೆಲಸ ಮಾಡುವ ಪಾಲಪ್ಪ, ಅವನ ಹೆಂಡತಿ ಗಾಳೆಮ್ಮ ಆಗಲೇ ಅತ್ತ ಹೋಗಿದ್ದಾರೆ. ಈಗ ಮೊಣಕಾಲುದ್ದ ನೀರು, ನಡೆದೇ ದಾಟಬಹುದು.

"ಮೂರೂ ಮಂದಿ ಮೊಬೈಲ್ ಜೀಪಿನಾಗ ಇಟ್ಟೀವ್ರಿ, ನೀರಿಗೆ ಬಿದ್ರ ಹೋತು. ಈ ಸೆಟ್ಟೊಂದು ಕೊರಳಾಗ ಐತಿ. ಹೋಗಿ ಬರ್ಲೇನ್ರಿ? ಓವರ್."

"ಒಂಬತ್ತಕ್ಕೊಮ್ಮೆ ಕರೀರಿ, ಒಂಬತ್ತೂವರೆಗೊಮ್ಮೆ ಕರೀರಿ. ಮೋಟರ್ ಬಿಚ್ಚಾಕ ಬರಲಿ ಬಿಡಲಿ, ಹತ್ತಕ್ಕ ಈಚಿ ದಂಡಿ ಮ್ಯಾಲೆ ಇರಬೇಕು. ಮ್ಯಾಲಿಂದ ಸುದ್ದಿ ಬಂದ್ರ ನಾನ ತಿಳಸ್ತೀನಿ. ಓವರ್."

ಆ ದಿನ ನಾವು ಐದು ಜನ ಹೊಳೆಯ ಕಾವಲಿಗೆಂದು ಒಂದೇ ಚಾನೆಲ್ಲಿನಲ್ಲಿ ಕೂತಿದ್ದೆವು. ಹಂಪಿಯಲ್ಲಿ ವಿಜಯಲಕ್ಷ್ಮೀ ಹೊಳೆಯ ಮೆಟ್ಟಿಲು ನೋಡಿ ನೀರು ಎಷ್ಟು ಏರಿತು ಎಂದು ಹೇಳಬೇಕು. ಅಲ್ಲಿನ ಬಂಡೆಗಳ ನಡುವಿನಿಂದ ಅವಳ ದನಿ ನೇರ ನಮಗೆ ಬರುವುದಿಲ್ಲ. ಸಂಡೂರಿನ ಗುಡ್ಡದ ಮೇಲೆ ಮನೆಯಿರುವ ಸುಮಧ್ವ ಅದನ್ನು ಕೇಳಿ ನನಗೆ ದಾಟಿಸಬೇಕು. ಅವನು ನನ್ನ ಹಳೆಯ ವಿದ್ಯಾರ್ಥಿ, ಗಣಿಯಲ್ಲಿ ಸರ್ವೇಯರ್. ಕಂಪ್ಲಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಯ ಈಶ್ವರ್ ಇದ್ದ, ಗಿರಾಕಿ ಇಲ್ಲದಾಗ ಕೇಳುತ್ತೇನೆ ಎಂದಿದ್ದ. ಐದನೆಯವರು ಹೊಳೆಯೊಳಗಿದ್ದರು. ಎಲ್ಲರ ಮಾತಿಗೂ ಸರದಿ ಕೊಡುವ ಕೆಲಸ, ನಮ್ಮ ಭಾಷೆಯಲ್ಲಿ ಕಂಟ್ರೋಲ್, ನನ್ನದು.

ಒಂಬತ್ತಕ್ಕೆ ಸರಿಯಾಗಿ ದೊಡ್ಡಬಸಪ್ಪನವರ ದನಿ ಬಂತು. "ಎರಡು ಬೋಲ್ಟ್ ಜಂಗ್ ಹಿಡದಾವ್ರಿ. ಪಾಲಪ್ಪ ಎಣ್ಣಿ ಬಿಡಾಕತ್ಯಾನ. ನೀರು ಹಂಗ ಐತಿ. ಓವರ್."

"ತಿಳೀತು. ಒಂಬತ್ತೂವರೆಗೆ ಕಾಯ್ತೀನಿ. ಓವರ್."

ಅಷ್ಟರಲ್ಲಿ ತಿಪ್ಪಕ್ಕ ಚಹಾ ತಂದಳು. ಲೋಟ ಇಡಲು ಮೇಜಿನ ಮೇಲೆ ಜಾಗ ಮಾಡಬೇಕೆಂದು ಮೈಕಿನ ಸ್ಟ್ಯಾಂಡನ್ನು ಹಿಂದಕ್ಕೆ ಸರಿಸಿದೆ.

ತಿಪ್ಪಕ್ಕ ನಮ್ಮ ಮನೆಯಲ್ಲಿ ಅಡಿಗೆ ಮಾಡುತ್ತಾಳೆ ಎಂದರೆ ಅರ್ಧ ಹೇಳಿದಂತೆ. ಇಪ್ಪತ್ತೆರಡು ವರ್ಷದಿಂದ ಜೊತೆಗಿದ್ದಾಳೆ. ನಾನು ಯಾರನ್ನಾದರೂ ಬೈದರೆ ಅವರ ಪರ ವಕಾಲತ್ತು ಮಾಡುವುದು ಅವಳ ಅಭ್ಯಾಸ.

"ಮುಂಜಾನೆ ಮುಂಜಾನೆ ಗಿರಣಿ ಸಾವುಕಾರ್ರಿಗೆ ಬೈದ್ರೇನ್ರಿ ಅಮ್ಮಾರ?" ಎಂದು ಲೋಟ ಇಟ್ಟು ಒಳಗೆ ಹೋದವಳು ಅಡಿಗೆಮನೆಯಿಂದಲೇ ಕೇಳಿದಳು.

"ಬೈಯದ ಏನು ಮಾಡ್ಲಿ? ಆ ಮನುಷ್ಯಗ ಲೈಸೆನ್ಸ್ ಕೊಡಿಸಿದ್ದ ನನ್ನ ತಪ್ಪು. ಗಿರಣಿ ಸದ್ದಿನಾಗ ಕೂಗಿ ಕೂಗಿ ಕಿವೀನೂ ಹೋಗ್ಯಾವ, ತಲೀನೂ ಹೋಗೇತಿ. ಹತ್ತು ವರ್ಷದ ಹುಡುಗರು ಕಲೀತಾರ ಒಂದು ಗುಂಡಿ ಒತ್ತೋದು. ಇವರ ಕೈಯಾಗ ಆಗೂದಿಲ್ಲ."

"ಕಿವಿ ಹೋಗಿಲ್ರಿ, ಹೆಂಡ್ತಿ ಎರ್ರಮ್ಮ ಕೂಗಿದ್ರ ಮೂರು ಓಣಿ ಆಚಿಂದ ಓಡಿ ಬರ್ತಾರ," ಎಂದು ತಿಪ್ಪಕ್ಕ ನಕ್ಕಳು. ಆಮೇಲೆ, "ಹಂಗ ಅನಬ್ಯಾಡ್ರಿ. ಚಳಿಗಾಲದಾಗ ಗಿರಣಿ ಬಾಯ್ಲರಿನ ಬಿಸಿನೀರಿನ ನಳ ಓಣಿ ಕಡಿಗೆ ತಿರುಗಿಸಿ ಇಟ್ಟಿರ್ತಾರ. ಬಾಣಂತ್ಯಾರು ಇರೋ ಮನಿಯವರು ಕೊಡ ತಗೊಂಡು ಹೋಗ್ತಾರ. ಒಬ್ಬರ ಮುಂದೂ ಹೇಳಿಕೊಂಡಿಲ್ಲ ಅವರು," ಎಂದಳು.

ನನಗೆ ಗೊತ್ತಿರಲಿಲ್ಲ. ಆದರೂ ಸೋಲಲು ಮನಸ್ಸಿರಲಿಲ್ಲ. "ಬಿಸಿನೀರು ಕೊಟ್ರ ರೇಡಿಯೋ ಬರ್ತೈತೇನು?" ಎಂದೆ.

ಒಂಬತ್ತೂವರೆ ಆಯಿತು. ದನಿ ಬರಲಿಲ್ಲ.

ಎರಡು ನಿಮಿಷ ಬಿಟ್ಟೆ. ಬೋಲ್ಟಿನ ಮೇಲೆ ಕೈಯಿರಬಹುದು, ಒರೆಸಿಕೊಂಡು ಒತ್ತಬೇಕಲ್ಲ. ಮೂರು, ನಾಲ್ಕು. ಐದನೆಯ ನಿಮಿಷಕ್ಕೆ ಮೈಕಿನ ಗುಂಡಿ ಒತ್ತಿ ಅವರ ಕಾಲ್‌ಸೈನ್ ಹೇಳಿ ಕರೆದೆ. ಬಿಟ್ಟು ಕಿವಿಗೊಟ್ಟೆ. ಏನೂ ಇಲ್ಲ. ಮತ್ತೆ ಕರೆದೆ. ಏನೂ ಇಲ್ಲ. ಸೆಟ್ಟಿನೊಳಗಿನ ಪುಟ್ಟ ಫ್ಯಾನು ಮಾತ್ರ ಗುಂಯ್ ಎನ್ನುತ್ತಿತ್ತು.

"ಬಂತೇನ್ರಿ?" ಎಂದು ತಿಪ್ಪಕ್ಕ ಬಾಗಿಲಿಗೆ ಬಂದಳು. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು.

"ಇಲ್ಲ."

"ಬರ್ತಾರ ಬಿಡ್ರಿ."

ಸಂಡೂರಿನ ಸುಮಧ್ವನನ್ನು ಕರೆದೆ. ಅವನೂ ಉತ್ತರ ಕೊಡಲಿಲ್ಲ. ಇಬ್ಬರೂ ಒಟ್ಟಿಗೆ ಸುಮ್ಮನಾದರೆ ದೋಷ ನನ್ನ ಕಡೆಯೇ ಇರಬೇಕೆಂದು ಆಗಲೇ ಹೊಳೆಯಬೇಕಿತ್ತು. ಪ್ರಯೋಗಾಲಯದಲ್ಲಿ ಎಷ್ಟು ಮಕ್ಕಳಿಗೆ ಹೇಳಿದ್ದೇನೆ, ಮೊದಲು ನಿನ್ನ ಉಪಕರಣ ನೋಡಿಕೋ ಎಂದು. ನಾನು ನೋಡಿದ್ದು ಸೆಟ್ಟಿನ ಹಿಂದಿನ ತಂತಿಯನ್ನು. ಅದು ಸರಿಯಿತ್ತು. ಸೆಟ್ಟು ಮುಟ್ಟಿದರೆ ದೋಸೆ ಹಂಚಿನ ಹಾಗೆ ಸುಡುತ್ತಿತ್ತು. ಹಿಂದಿನ ದಿನದಿಂದ ಕರೆಂಟಿಲ್ಲದೆ ಮನೆಯೆಲ್ಲ ಕಾದಿದೆ, ಇದೂ ಕಾದಿರಬೇಕು ಎಂದುಕೊಂಡೆ. ಬ್ಯಾಟರಿ ಉಳಿಸಲು ಸೆಟ್ಟಿನ ದೀಪಗಳನ್ನೆಲ್ಲ ಆರಿಸಿದ್ದೆ, ಅದರ ಮುಖದ ಮೇಲೆ ಓದಲು ಏನೂ ಇರಲಿಲ್ಲ.

ಏರಿಯಲ್ ಬಿದ್ದಿರಬಹುದೆಂದು ಮಾಳಿಗೆ ಹತ್ತಿದೆ. ಬಿದ್ದಿರಲಿಲ್ಲ. ಆದರೆ ತೆಂಗಿನ ಸಾಲಿನ ಆಚೆ ಹೊಳೆ ಕಂಡಿತು. ಬೆಳಿಗ್ಗೆ ಅಲ್ಲಲ್ಲಿ ಬಂಡೆ ಎದ್ದು, ನಡುನಡುವೆ ನೀರು ಹೊಳೆಯುತ್ತಿದ್ದ ಜಾಗ ಈಗ ಒಂದೇ ಬಣ್ಣವಾಗಿತ್ತು. ಕೆಮ್ಮಣ್ಣಿನ ಬಣ್ಣ. ಮಧ್ಯಾಹ್ನ ಬರಬೇಕಾದ ನೀರು ಹತ್ತು ಗಂಟೆಯ ಮೊದಲೇ ಬಂದಿತ್ತು.

ಗೋಡೆ ಹಿಡಿದುಕೊಂಡು ಸರಸರ ಕೆಳಗೆ ಇಳಿದೆ.

"ತಿಪ್ಪಕ್ಕ, ಹೊಳಿ ಬಂದೈತಿ. ಅವರು ಒಂಬತ್ತಕ್ಕ ಗಡ್ಡಿ ಮ್ಯಾಲಿದ್ರು. ನಾನು ಹತ್ತರ ತನಕಾ ಇರ್ರಿ ಅಂದೆ. ನಾನ ಅಂದೆ!"

ಮೊಬೈಲ್ ಹುಡುಕಿದೆ. ಚಾರ್ಜಿಲ್ಲದೆ ಯಾವಾಗಲೋ ಆರಿಹೋಗಿತ್ತು. ರೇಡಿಯೋ ಇದೆಯಲ್ಲ ಎಂಬ ಸೊಕ್ಕಿನಲ್ಲಿ ಅದರ ಕಡೆ ನೋಡಿರಲಿಲ್ಲ. ಪಕ್ಕದ ಮನೆಗೆ ಬೀಗ. "ಮುಂದಿನ ಓಣಿಗೆ ಓಡು, ಯಾರದರ ಫೋನ್ ತಗೊಂಡು ಬಾ," ಎಂದು ತಿಪ್ಪಕ್ಕನಿಗೆ ಹೇಳಿ ಮತ್ತೆ ಮೈಕಿನ ಮುಂದೆ ಕೂತೆ. ಕರೆದೆ. ಬಿಟ್ಟೆ. ಕೇಳಿದೆ. ಕಾಲ್‌ಸೈನ್ ಹೇಳುವುದನ್ನೂ ಬಿಟ್ಟು, "ದೊಡ್ಡಬಸಪ್ಪನವರೇ, ಒಂದ ಅಕ್ಷರ ಹೇಳ್ರಿ, ಹೆಂಗಾದ್ರೂ ಹೇಳ್ರಿ," ಎಂದೆ.

ಹೊರಗೆ ಬೈಕು ನಿಂತ ಸದ್ದು. ಈಶ್ವರ್ ಚಪ್ಪಲಿ ಬಿಡದೆ ಒಳಗೆ ಬಂದ. ಕೈಗಳಿಗೆ ಮೋಟರಿನ ವಾರ್ನಿಷ್ ಮೆತ್ತಿಕೊಂಡಿತ್ತು. ನಾನು ಬಾಯಿ ತೆರೆದೆ. ಅವನು ತುಟಿಯ ಮೇಲೆ ಬೆರಳಿಟ್ಟು, ತಲೆ ಅಲ್ಲಾಡಿಸಿ, ನೇರ ಮೇಜಿನ ಹತ್ತಿರ ಬಂದು ಮೈಕಿನ ಸ್ಟ್ಯಾಂಡಿನ ಬುಡಕ್ಕೆ ಕೈ ಹಾಕಿದ. ಅಲ್ಲಿ ಗುಂಡಿಯ ಪಕ್ಕ ಒಂದು ಸಣ್ಣ ಕಡ್ಡಿಯಿದೆ. ಬಹಳ ಹೊತ್ತು ಮಾತಾಡುವವರು ಬೆರಳು ನೋಯಬಾರದೆಂದು, ಗುಂಡಿ ಒತ್ತದಿದ್ದರೂ ಒತ್ತಿದಂತೆಯೇ ಮೈಕನ್ನು ತೆರೆದಿಡುವ ಕಡ್ಡಿ. ಅದನ್ನು ಟಕ್ಕೆಂದು ಹಿಂದಕ್ಕೆ ಎಳೆದ.

ಸೆಟ್ಟು ಬಾಯಿ ಬಿಟ್ಟಿತು.

"...ಕಂಪ್ಲಿ ಕಂಟ್ರೋಲ್, ಸಂಡೂರಿನಿಂದ ಸುಮಧ್ವ, ಕೇಳಿಸ್ತಿದೆಯಾ? ಮೇಡಂ, ತುರ್ತು ಸುದ್ದಿ..."

ಆಮೇಲೆಯೇ ಈಶ್ವರ್ ಮಾತಾಡಿದ, ಮೆಲ್ಲಗೆ. "ಮೈಕ್ ಲಾಕ್ ಆಗಿತ್ರಿ ಮೇಡಂ. ಒಂಬತ್ತು ಗಂಟಿಯಿಂದ. ಸುಮಧ್ವ ಸರ್ ನಿಮಗ ಹನ್ನೊಂದು ಸಲ ಫೋನ್ ಮಾಡ್ಯಾರ. ನನಗ ಹಚ್ಚಿದ್ರು, ನಾನು ಕಾಯಿಲ್ ಸುತ್ತಾಕ ಕುಂತಿದ್ದೆ, ತಡವಾಗಿ ನೋಡಿದೆ."

ಚಹಾ ಲೋಟಕ್ಕೆ ಜಾಗ ಮಾಡುವಾಗ ಕಡ್ಡಿಗೆ ಕೈ ತಗುಲಿತ್ತು; ಆಗಿನಿಂದ ಐವತ್ತು ನಿಮಿಷ ನಾನು ಗುಂಡಿ ಬಿಟ್ಟಿರಲಿಲ್ಲ. ಗುಂಡಿ ಒತ್ತಿದವರಿಗೆ ಬೇರೆಯವರ ದನಿ ಕೇಳುವುದಿಲ್ಲ. ಮಾತಾಡದೆ ಸುಮ್ಮನೆ ಕೂತರೂ ಚಾನೆಲ್ಲು ಅವರ ಕೈಯಲ್ಲೇ ಇರುತ್ತದೆ. ಬೇರೆಯವರು ಎಷ್ಟು ಕೂಗಿದರೂ ಅದರ ಕೆಳಗೆ ಹೂತುಹೋಗುತ್ತದೆ. ಇದು ನನ್ನ ಮೊದಲನೆಯ ದಿನದ ಪಾಠ. ಮೂರು ನಿಮಿಷದ ಮೇಲೆ ಯಾರೇ ಒತ್ತಿ ಹಿಡಿದರೂ ತಾನೇ ಬಿಡಿಸುವ ಟೈಮರು ಸೆಟ್ಟಿನೊಳಗೆ ಇರುತ್ತದೆ. ಪಾಠದ ನಡುವೆ ನನ್ನ ಮಾತು ತುಂಡಾಗುತ್ತದೆಂದು ಅದನ್ನು ತೆಗೆದುಹಾಕಿದ್ದವಳು ನಾನೇ.

ಆದರೆ ನಾಚಿಕೆಗೆ ಆಗ ಸಮಯವಿರಲಿಲ್ಲ. "ಸುಮಧ್ವ, ಹೇಳು. ಓವರ್."

"ಹಂಪಿಯಿಂದ ವಿಜಯಲಕ್ಷ್ಮೀ ಅವರು ಒಂಬತ್ತೂ ಹತ್ತಕ್ಕೇ ಹೇಳಿದ್ದರು ಮೇಡಂ. ಅಲ್ಲಿ ನಸುಕಿನಿಂದಲೇ ನೀರು ಏರ್ತಿತ್ತಂತೆ, ಅವರು ಹೋಗಿ ನೋಡಿದ್ದು ಒಂಬತ್ತಕ್ಕೆ, ಮೆಟ್ಟಿಲು ಮುಳುಗಿವೆ, ಹತ್ತರೊಳಗೆ ಕಂಪ್ಲಿ ಮುಟ್ಟುತ್ತೆ ಅಂತ. ನಿಮಗೆ ದಾಟಿಸೋಕೆ ಆಗಲಿಲ್ಲ. ನಾವಿಬ್ಬರೂ ಪಕ್ಕದ ಚಾನೆಲ್ಲಿಗೆ ಹೋಗಿ ದೊಡ್ಡಬಸಪ್ಪನವರನ್ನ ಕರೆದ್ವಿ. ಅವರು ಅಲ್ಲಿಗೆ ಬರಲಿಲ್ಲ. ಓವರ್."

ಒಂಬತ್ತೂ ಹತ್ತು. ಆಗ ಹೇಳಿದ್ದರೆ ಮೋಟರು ಬಿಟ್ಟು ನಡೆದೇ ಬರಬಹುದಿತ್ತು.

"ಎಲ್ಲರೂ ಕೇಳ್ರಿ. ಇನ್ನ ಮ್ಯಾಲೆ ನಾನು ಕರೆಯೋ ತನಕ ಒಬ್ಬರೂ ಗುಂಡಿ ಮುಟ್ಟಬ್ಯಾಡ್ರಿ. ದೊಡ್ಡಬಸಪ್ಪನವರೇ, ನಾನು ಮಾಧವಿ. ಈಗ ಕೇಳಾಕತ್ತೀನಿ. ಓವರ್."

ಸಣ್ಣ ದನಿಯನ್ನೂ ಬಿಡಬಾರದೆಂದು, ಬರಿಯ ಗದ್ದಲವನ್ನು ಅಡಗಿಸುವ ಸೆಟ್ಟಿನ ತಡೆಯನ್ನು ತೆಗೆದೆ. ಪಡಸಾಲೆ ತುಂಬ ಹಿಸ್ಸೆಂಬ ಸದ್ದು ತುಂಬಿತು, ಅಕ್ಕಿ ಸುರಿದ ಹಾಗೆ. ಅದರ ನಡುವೆ, "ಮೇಡಂ, ನಾವು ಮೂ..." ಎಂದು ಬಂತು. ಮುರಿದುಹೋಯಿತು. ಮತ್ತೆ ಹಿಸ್.

ಬದುಕಿದ್ದಾರೆ. ತಿಪ್ಪಕ್ಕ ಯಾವಾಗ ವಾಪಸು ಬಂದಿದ್ದಳೋ, ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಅವರ ಬ್ಯಾಟರಿ ಮುಗಿಯಾಕ ಬಂದೈತ್ರಿ," ಎಂದ ಈಶ್ವರ್. "ಇಷ್ಟೊತ್ತನಕ ಕರದಿರಬೇಕು ಅವರು. ಮಾತಾಡಾಕ ಹೋದ್ರ ಸತ್ತ ಹೋಗ್ತೈತಿ."

ಯೋಚಿಸಿದೆ. ಒಂದು ಕ್ಷಣ ಗುಂಡಿ ಒತ್ತಿ ಬಿಡುವಷ್ಟು ಶಕ್ತಿ ಅದರಲ್ಲಿ ಉಳಿದಿರುತ್ತದೆ. ಒತ್ತಿದಾಗ ನನ್ನ ಸೆಟ್ಟಿನ ಹಿಸ್ ನಿಲ್ಲುತ್ತದೆ. ಅಷ್ಟು ಸಾಕು.

"ದೊಡ್ಡಬಸಪ್ಪನವರೇ, ಮಾತಾಡಬ್ಯಾಡ್ರಿ. ನಾನು ಕೇಳ್ತೀನಿ. ಹೌದಾದ್ರ ಗುಂಡಿ ಒಂದು ಸಲ ಒತ್ತಿ ಬಿಡ್ರಿ. ಅಲ್ಲ ಅಂದ್ರ ಎರಡು ಸಲ. ಮೂರೂ ಮಂದಿ ಒಟ್ಟಿಗೆ ಇದ್ದೀರೇನು?"

ಹಿಸ್ ತಟ್ಟನೆ ನಿಂತಿತು. ಮತ್ತೆ ಶುರುವಾಯಿತು. ಒಂದು.

"ಹುಣಸೆಗಡ್ಡಿ ಮ್ಯಾಲೆ ಇದ್ದೀರೇನು?"

ನಿಂತಿತು, ಶುರುವಾಯಿತು. ನಿಂತಿತು, ಶುರುವಾಯಿತು. ಎರಡು. ಅಲ್ಲಿ ಇಲ್ಲ.

ಆಗಲೇ ಸೆಟ್ಟಿನಲ್ಲಿ ಜೋರಾದ ದನಿಯೊಂದು ನುಗ್ಗಿತು. "ಮೇಡಂ, ನಾನು ತೋರಣಗಲ್ಲಿನಿಂದ್ರಿ, ಈಗ ಸೆಟ್ ಹಚ್ಚಿದೆ, ಏನಾತ್ರಿ? ನನ್ನಿಂದೇನರ ಸಹಾಯ..." ನನ್ನದೇ ಇನ್ನೊಬ್ಬ ಹೊಸ ವಿದ್ಯಾರ್ಥಿ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದಾನೆ. ಆದರೆ ಅವನ ಮಾತಿನ ಕೆಳಗೆ ಹೊಳೆಯಿಂದ ಏನಾದರೂ ಬಂದಿದ್ದರೆ ಹೋಯಿತು. ಎಂದಿನಂತೆ ಆಗಿದ್ದರೆ ಅಲ್ಲೇ ಅವನ ಕಿವಿ ಹಿಂಡುತ್ತಿದ್ದೆ. ಇವತ್ತು ನನಗೆ ಆ ಅಧಿಕಾರವಿರಲಿಲ್ಲ.

"ಸುಮ್ಮನ ಇದ್ದರ ಅದ ದೊಡ್ಡ ಸಹಾಯ ಆಗ್ತದಪ್ಪ," ಎಂದೆ.

ಅವನು "ಆತ್ರಿ" ಎಂದು ಕೂಡ ಹೇಳಲಿಲ್ಲ. ಆ ಒಂದು "ಆತ್ರಿ" ನುಂಗಿಕೊಂಡದ್ದಕ್ಕೆ ನಾನು ಇಂದಿಗೂ ಅವನಿಗೆ ಋಣಿ.

"ಹುಣಸೆಗಡ್ಡಿಯಿಂದ ಮ್ಯಾಲಕ ಹೋದಿರೇನು? ಹಂಪಿ ಕಡಿಗೆ?"

ಎರಡು.

"ಹಂಗಾರ ಕೆಳಗ. ಸೇತುವಿ ಕಡಿಗೆ?"

ಒಂದು.

ಈಶ್ವರ್ ಕ್ಯಾಲೆಂಡರ್ ಹರಿದು ಅದರ ಬೆನ್ನಿನ ಮೇಲೆ ಹೊಳೆ ಬರೆಯುತ್ತಿದ್ದ. ಸೇತುವೆಗಿಂತ ಮೇಲೆ ನಿಲ್ಲಲು ಬರುವ ಬಂಡೆಗಳು ಎರಡೇ. ಒಂದು ನಮ್ಮ ದಂಡೆಯ ಕಡೆಗಿರುವ ಆನೆಬಂಡೆ, ಇನ್ನೊಂದು ಆಚೆ ಗಂಗಾವತಿ ಕಡೆಗಿರುವ ತೊಟ್ಟಿಲಬಂಡೆ. ತಪ್ಪು ಬಂಡೆಗೆ ದೋಣಿ ಹೋದರೆ ಸೆಳೆತದಲ್ಲಿ ತಿರುಗಿ ಬರಲು ಆಗುವುದಿಲ್ಲ.

"ಆನೆಬಂಡಿ ಮ್ಯಾಲೆ ಇದ್ದೀರೇನು?"

ಹಿಸ್. ಹಿಸ್. ಹಿಸ್. ಕೇಳಿಸಲಿಲ್ಲವೋ, ಕೈ ಜಾರಿತೋ. ಇನ್ನೊಮ್ಮೆ ಕೇಳಲು ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ. ನಾನು ಒತ್ತಿದ ಕ್ಷಣದಲ್ಲೇ ಅವರು ಒತ್ತಿದರೆ?

ಬೆರಳು ತೆಗೆದೆ. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ.

ಹಿಸ್ ನಿಂತಿತು. ಈ ಸಲ ನಿಂತೇ ಇತ್ತು. ಒಂದು ಸಲವೂ ಅಲ್ಲ, ಎರಡು ಸಲವೂ ಅಲ್ಲ. ಅದರೊಳಗೆ ನೀರಿನ ಭೋರ್ಗರೆತ, ಅದರ ಮೇಲೆ ಗಾಳೆಮ್ಮನ ಕೂಗು: "ತೊಟ್ಲಬಂಡಿ ರೀ ಅಮ್ಮಾ! ತೊಟ್ಲಬಂಡಿ! ನೀರು ಕಾಲಿಗೆ..."

ಅಲ್ಲಿಗೆ ಮುಗಿಯಿತು. ಅಕ್ಕಿ ಸುರಿಯುವ ಸದ್ದು ಮತ್ತೆ ಪಡಸಾಲೆ ತುಂಬಿತು. ಆಮೇಲೆ ಎಷ್ಟು ಕರೆದರೂ ಅದು ನಿಲ್ಲಲಿಲ್ಲ.

ಈಶ್ವರ್ ಆಗಲೇ ಫೋನಿನಲ್ಲಿದ್ದ. ಸೇತುವೆಯ ಬಳಿ ಪ್ರವಾಹದ ಡ್ಯೂಟಿಗೆಂದು ಅಗ್ನಿಶಾಮಕದವರ ರಬ್ಬರ್ ದೋಣಿ ಬೆಳಿಗ್ಗೆಯೇ ಬಂದಿತ್ತು. "ತೊಟ್ಲಬಂಡಿರಿ, ಹೌದ್ರಿ, ಆಚಿ ಕಡಿ. ಮೂರು ಮಂದಿ. ನೀರು ಕಾಲಿಗೆ ಬಂದೈತಿ. ಹರಗೋಲು ಹಾಕೋ ಉಚ್ಚೆಂಗಪ್ಪನ್ನ ಜತಿಗೆ ಕರ್ಕೊಳ್ರಿ, ಅವಂಗ ಸುಳಿ ಎಲ್ಲೆಲ್ಲಿ ಅದಾವ ಅಂತ ಗೊತ್ತು," ಎನ್ನುತ್ತ ಬೈಕಿನ ಕಡೆ ಓಡಿದ. ಬಾಗಿಲಲ್ಲಿ ತಿರುಗಿ, "ದಂಡಿಗೆ ಹೋಗಿ ಸೆಟ್ಟಿನಾಗ ಹೇಳ್ತೀನ್ರಿ," ಎಂದ. ಅವನ ಕಣ್ಣು ಒಂದು ಕ್ಷಣ ಮೈಕಿನ ಕಡ್ಡಿಯ ಮೇಲೆ ಹೋಯಿತು. ಹಾಗೇ ಹೋದ.

ನಾನೇ ಎದ್ದು ಕಡ್ಡಿ ನೋಡಿದೆ. ಹಿಂದಕ್ಕೇ ಇತ್ತು. ಮತ್ತೊಮ್ಮೆ ನೋಡಿದೆ.

ಆಮೇಲಿನ ಮೂವತ್ತೈದು ನಿಮಿಷ ನಾನು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಕೇಳಬೇಕೆಂದು ನಾಲಿಗೆ ತುದಿಗೆ ಬರುತ್ತಿತ್ತು: ದೋಣಿ ಹೊರಟಿತೇ, ಬಂಡೆ ಕಾಣುತ್ತಿದೆಯೇ, ಬಂಡೆಯ ಮೇಲೆ ಎಷ್ಟು ತಲೆ? ಒಂದೊಂದು ಪ್ರಶ್ನೆಯೂ ಈಶ್ವರ್ ಹೇಳಬೇಕಾದ್ದರ ಮೇಲೆ ಬೀಳುತ್ತದೆ. ಸಂಡೂರಿನ ಸುಮಧ್ವ, ಹಂಪಿಯ ವಿಜಯಲಕ್ಷ್ಮೀ, ಹೆಸರು ಹೇಳದ ಆ ತೋರಣಗಲ್ಲಿನವನು, ಇನ್ನೆಷ್ಟು ಮಂದಿ ಸೆಟ್ಟಿಗೆ ಕಿವಿ ಹಚ್ಚಿ ಕೂತಿದ್ದರೋ. ಒಬ್ಬರೂ ಉಸಿರೆತ್ತಲಿಲ್ಲ. ಅಷ್ಟು ಜನ ಒಟ್ಟಿಗೆ ಸುಮ್ಮನಿರುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ತಿಪ್ಪಕ್ಕ ದೇವರ ಮುಂದೆ ದೀಪ ಹಚ್ಚಲಿಲ್ಲ. ನನ್ನ ಪಕ್ಕದಲ್ಲೇ ನೆಲಕ್ಕೆ ಕೂತು ನನ್ನ ಸೀರೆಯ ಸೆರಗು ಹಿಡಿದುಕೊಂಡಿದ್ದಳು.

ಒಮ್ಮೆ ಈಶ್ವರ್ ಮಾತಾಡಿದ. "ದೋಣಿ ಇಳೀತ್ರಿ." ಅಷ್ಟೇ.

ಹದಿನಾಲ್ಕು ನಿಮಿಷ.

"ಸುಳಿ ಸುತ್ತಿ ಹೊಂಟಾರ್ರಿ. ಉಚ್ಚೆಂಗಪ್ಪ ಮುಂದ ಕುಂತಾನ."

ಒಂಬತ್ತು ನಿಮಿಷ. ಗೋಡೆ ಗಡಿಯಾರದ ಮುಳ್ಳು ನೋಡುವುದು ಬಿಟ್ಟು ನನ್ನ ನಾಡಿ ಎಣಿಸಲು ಶುರು ಮಾಡಿದೆ.

"ಬಂಡಿ ಮುಟ್ಟಿದ್ರು. ಹೆಣ್ಣುಮಗಳನ್ನ ಮೊದ್ಲು ಇಳಿಸ್ಯಾರ. ಇನ್ನೊಬ್ಬ. ತಡೀರಿ..."

ಅವನು ಗುಂಡಿ ಬಿಟ್ಟ. ಆ ಕಾಯುವಿಕೆಯ ಅಳತೆ ನನಗೆ ಗೊತ್ತಿಲ್ಲ.

"ಮೂರು ರೀ ಮೇಡಂ. ಮೂರೂ ಮಂದಿ. ದೊಡ್ಡಬಸಪ್ಪ ಸಾವುಕಾರು ಕಡೀಕ ಹತ್ತಿದ್ರು. ಓವರ್."

ನಾನು "ತಿಳೀತು" ಎಂದು ಹೇಳಬೇಕಿತ್ತು. ಗುಂಡಿಯನ್ನು ಒಂದು ಸಲ ಒತ್ತಿ ಬಿಟ್ಟೆ.

ಆ ಸಂಜೆ ಏಳಕ್ಕೆ ಎಂದಿನ ಗುರುವಾರದ ಕೂಟ. ಎಲ್ಲರೂ ಸೆಟ್ಟಿನ ಮುಂದೆ ಬರುವ ಹೊತ್ತು. ನನ್ನ ಕಾಲ್‌ಸೈನ್ ಹೇಳಿ, ಬೆಳಿಗ್ಗೆ ಒಂಬತ್ತರಿಂದ ಹತ್ತಕ್ಕೆ ಹತ್ತು ನಿಮಿಷ ಇರುವವರೆಗೆ ಚಾನೆಲ್ಲು ಕಟ್ಟಿಹಾಕಿದವಳು ನಾನು, ಮೈಕಿನ ಕಡ್ಡಿ ನೋಡಿಕೊಳ್ಳಲಿಲ್ಲ, ಟೈಮರು ತೆಗೆದಿದ್ದವಳೂ ನಾನೇ, ಇದರಿಂದ ಮೂವರ ಜೀವ ಹೋಗುತ್ತಿತ್ತು ಎಂದು ಹೇಳಿದೆ. ಗುಂಡಿ ಬಿಟ್ಟೆ. ಆಮೇಲೆ ಒಬ್ಬೊಬ್ಬರೇ ತಮ್ಮ ಕಾಲ್‌ಸೈನ್ ಹೇಳಿ ಹಾಜರಿ ಹಾಕಿದರು. ವಿಜಯಲಕ್ಷ್ಮೀಯ ಮಾತನ್ನು ಸುಮಧ್ವ ದಾಟಿಸಿದ: "ನಮ್ಮನೇಲೂ ಟೈಮರ್ ತೆಗೆದಿದ್ದೆವು ಮೇಡಂ, ಈಗ ಹಾಕಿದ್ವಿ ಅಂತ ಹೇಳ್ತಿದ್ದಾರೆ." ಐವತ್ತು ನಿಮಿಷ ನನ್ನ ಅಡಿಗೆಮನೆಯಿಂದ ಅವರು ಏನೇನು ಕೇಳಿದ್ದರೋ, ಅದರ ಒಂದಕ್ಷರವನ್ನೂ ಯಾರೂ ಎತ್ತಲಿಲ್ಲ. ದೊಡ್ಡಬಸಪ್ಪನವರು ಮಾತ್ರ ಆ ದಿನ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಮನೆಗೇ ಬಂದರು. ಪಾದಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ಬಾಗಿಲಲ್ಲೇ ನಿಂತು, "ಬರ್ಲೇನ್ರಿ?" ಎಂದರು.

"ಬರ್ರಿ, ಕುಂದ್ರಿ."

ತಿಪ್ಪಕ್ಕ ಚಹಾ ತಂದಿಟ್ಟು ತಲೆ ಎತ್ತದೆ ಒಳಗೆ ಓಡಿದಳು. ಎರ್ರಮ್ಮನ ಬಗ್ಗೆ ತಾನು ಆಡಿದ ಮಾತೂ ಅವರಿಗೆ ಕೇಳಿಸಿತ್ತೆಂದು ಅವಳಿಗೆ ನೆನಪಿತ್ತು.

"ಪಾಲಪ್ಪ, ಗಾಳೆಮ್ಮ?"

"ಅರಾಮ ಅದಾರ್ರಿ. ಗಡ್ಡಿ ಮುಳುಗಾಕ ಹತ್ತಿದ್ದಕ್ಕ ಬಂಡಿಯಿಂದ ಬಂಡಿಗೆ ಹಿಡಕೊಂತ ತೊಟ್ಲಬಂಡಿಗೆ ಬಂದ್ವಿ. ಮೋಟರ್ ಹೋತು. ಹೋಗ್ಲಿ." ಲೋಟ ಕೈಯಲ್ಲಿ ತಿರುಗಿಸಿದರು. "ಗಾಳೆಮ್ಮ ಬಂಡಿ ಮ್ಯಾಲೆ ಭಾಳ ಅಂಜಿದ್ಲ್ರಿ. ನಾನು ಕರದಿದ್ದು ಮುಟ್ಟಲಿಲ್ಲ ಅಂದ್ರೂ ನಿಮ್ಮ ಮನಿ ಸದ್ದು ಬರ್ತಿತ್ತಲ್ಲ, ಅದನ್ನ ಆಕಿ ಕಿವಿಗೆ ಹಿಡದೆ. ಒಗ್ಗರಣಿ ಸಿಡಿಯೋದು ಕೇಳಿ, ಸಾಸಿವಿ ಹತ್ತಾಕತ್ತಾವು, ಯಾರರ ಹೇಳ್ರಿ ಅವರಿಗೆ ಅಂತಿದ್ಲು. ಅಂಥಾದ್ರಾಗ ನಗು ಬಂತ್ರಿ ನಮಗ."

ನಾನು ನಗಲಾರದೆ ಕೂತೆ. "ನಾನು ನಿಮ್ಮ ಬಗ್ಗೆ ಆಡಿದ ಮಾತೂ ಕೇಳಿಸಿರಬೇ‌ಕು."

"ಅದ್... ನಡುನಡುವ ಕಟ್ ಆಗ್ತಿತ್ರಿ. ಸರಿಯಾಗಿ ಕೇಳಿಸಲಿಲ್ಲ."

ನಮ್ಮ ಮನೆಯಿಂದ ತೊಟ್ಟಿಲಬಂಡೆಗೆ ಎರಡು ಕಿಲೋಮೀಟರೂ ಇಲ್ಲ. ನಡುವೆ ಒಂದು ಗುಡ್ಡವಿಲ್ಲ. ಸಾಸಿವೆ ಸೀದದ್ದು ಕೇಳಿದ ಸೆಟ್ಟಿನಲ್ಲಿ ಮಾತು ಕಟ್ಟಾಗುವುದಿಲ್ಲ.

"ಸುಳ್ಳು ಹೇಳಬ್ಯಾಡ್ರಿ," ಎಂದೆ. "ಆಡಬಾರದ್ದು ಆಡಿದೆ. ತಪ್ಪಾತು."

ಅವರು ಚಹಾ ಕುಡಿದರು. ಲೋಟ ಕೆಳಗಿಟ್ಟರು. "ಆತ ಬಿಡ್ರಿ. ಗುಂಡಿ ವಿಷಯ ನೀವು ಹೇಳಿದ್ದು ಖರೇನ ಐತಿ."

ನನಗೆ ರಾತ್ರಿಯಿಡೀ ಕಾಡಿದ್ದ ಪ್ರಶ್ನೆ ಬೇರೆ ಇತ್ತು. "ಒಂದು ಹೇಳ್ರಿ. ಚಾನೆಲ್ ಕಟ್ಟಿದೆ ಅಂತ ತಿಳಿದ ಮ್ಯಾಲೆ ಪಕ್ಕದ ಚಾನೆಲ್ಲಿಗೆ ಯಾಕ ಹೋಗಲಿಲ್ಲ ನೀವು? ಅಲ್ಲಿ ಸುಮಧ್ವ ನಿಮ್ಮನ್ನ ಕರೀತಿದ್ದ. ಒಂದು ಬಟನ್ ತಿರುವೋದು."

ಅವರು ನನ್ನನ್ನು ನೋಡಿದ ನೋಟದಲ್ಲಿ ಆಶ್ಚರ್ಯವಿತ್ತು, ಆಕ್ಷೇಪವಿರಲಿಲ್ಲ.

"ನೀವ ಹೇಳಿದ್ರಲ್ರಿ? ಕಂಟ್ರೋಲಿಗೆ ಹೇಳದ ಚಾನೆಲ್ ಬಿಟ್ಟು ಹೋಗಬ್ಯಾಡ್ರಿ, ಹೋದ್ರ ನಿಮ್ಮನ್ನ ಎಲ್ಲಿ ಅಂತ ಹುಡುಕೋದು ಅಂತ. ನನಗ ಹೇಳಾಕ ದಾರೀನ ಇರಲಿಲ್ಲ. ಅದಕ್ಕ ಹೋಗಲಿಲ್ಲ."

ಕಾಲಿಗೆ ನೀರು ಬರುತ್ತಿದ್ದರೂ ನನ್ನ ಮಾತು ಮೀರದೆ ಆ ಮನುಷ್ಯ ನಿಂತಿದ್ದರು. ಅವರಿಗೆ ತಲೆಯಿಲ್ಲ ಎಂದು ನಾನು ಅದೇ ಹೊತ್ತಿಗೆ ಹೇಳುತ್ತಿದ್ದೆ.

ಎದ್ದು ಹೋಗಿ ಪಾಠದ ಹಾಳೆ ತಂದೆ. ಹೊಸಬರಿಗೆ ಮೊದಲ ದಿನ ಕೊಡುವ ಹಾಳೆ, ನನ್ನದೇ ಕೈಬರಹ. ಚಾನೆಲ್ ಬಿಡುವ ಮಾತು ನಾಲ್ಕನೆಯದು. ಅದರ ಕೆಳಗೆ ಜಾಗವಿತ್ತು. ಪೆನ್ನು ತೆಗೆದು ಕೂತೆ. ಯಾವ ವಾಕ್ಯ ಬರೆದರೂ ಅದು ಮೇಜಿನ ಮುಂದೆ ಕೂತವಳ ವಾಕ್ಯವಾಗುತ್ತಿತ್ತು.

"ನೀವ ಹೇಳ್ರಿ," ಎಂದೆ. "ಬಂಡಿ ಮ್ಯಾಲೆ ನಿಂತವರಿಗೆ ಹೆಂಗ ಹೇಳಿದ್ರ ತಿಳೀತೈತಿ, ಹಂಗ ಹೇಳ್ರಿ. ಬರೀತೀನಿ."

ಅವರು ಮೊದಲು ಸಂಕೋಚಪಟ್ಟರು. ಆಮೇಲೆ ಬಟ್ಟೆ ಸುತ್ತಿದ ಪಾದವನ್ನು ನೋಡುತ್ತ, ಗಿರಣಿಯಲ್ಲಿ ಲೆಕ್ಕ ಬರೆಸುವವರ ಹಾಗೆ, ಒಂದೊಂದೇ ಮಾತು ಹೇಳಿದರು.

"ಮೂರು ಸಲ ಕರೀರಿ. ಉತ್ತರ ಬರಲಿಲ್ಲಂದ್ರ ಪಕ್ಕದ ಚಾನೆಲ್ಲಿಗೆ ಹೋಗ್ರಿ. ಅಲ್ಲೂ ಯಾರೂ ಸಿಗಲಿಲ್ಲಂದ್ರ ತಿರುಗಿ ಬರ್ರಿ." ಹಾಳೆಯ ಕಡೆ ನೋಡಿದರು. "ಇದ್ನೂ ಬರೀತೀರೇನ್ರಿ? ಮೇಡಂ ಬೈದ್ರೂ ಹೋಗ್ರಿ."

ಒಳಗಿನಿಂದ ತಿಪ್ಪಕ್ಕ ನಕ್ಕದ್ದು ಕೇಳಿಸಿತು. ಅದನ್ನೂ ಬರೆದೆ, ಅವರು ಹೇಳಿದ ಹಾಗೆಯೇ.